ವಾಲ್ ಮಿಕ್ಸರ್‌ನಲ್ಲಿ (ಬಿಸಿನೀರು, ತಣ್ಣೀರು ಬೆರೆಸುವ ಗೋಡೆ ನಲ್ಲಿ) ನೀರು ಜೋರಾಗಿ ಬರಬೇಕು, ಗೋಡೆ ಒಳಗೆ ಸೋರಬಾರದು. ಯಾವುದು ತಗೊಳ್ಳಲಿ?

ಮಂಡ್ಯದಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಮೇಲಿನ ಮಹಡಿಯ ಬಾತ್‌ರೂಮಿಗೆ ಟೈಲ್ಸ್ ಇನ್ನೂ ಹಾಕಿಲ್ಲ, ಯಾವ ಕಂಪನಿಯ ಮಿಕ್ಸರ್ ಒಳ್ಳೆಯದು ಅಂತ ಕೇಳಿದ್ದೀರಿ. ಟೈಲ್ಸ್‌ಗೆ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನಾನು ಮೈಸೂರಿನಲ್ಲಿ ಪ್ಲಂಬಿಂಗ್ ಕೆಲಸ ಮಾಡುವವನು. ಕಂಪನಿ ವಿಚಾರ ಆಮೇಲೆ ನೋಡಿಕೊಳ್ಳಿ, ಮೊದಲು ಟ್ಯಾಂಕ್ ಎಲ್ಲಿದೆ ನೋಡಿ.

ಟ್ಯಾಂಕಿನ ನೀರು ಶವರ್‌ಗಿಂತ 10 ಅಡಿ ಮೇಲಿದ್ದರೂ ಸಿಗುವ ಪ್ರೆಷರ್ ಸುಮಾರು 0.3 ಬಾರ್ ಅಷ್ಟೇ. ಟ್ಯಾಂಕ್ ಮೋಲ್ಡ್ (ತಾರಸಿ) ಮೇಲೆಯೇ ಕೂತಿದ್ದರೆ ಮೇಲಿನ ಮಹಡಿಗೆ ಅದರ ಅರ್ಧವೂ ಸಿಗುವುದು ಕಷ್ಟ. ಡಬ್ಬದ ಮೇಲೆ ಕನಿಷ್ಠ 1 ಬಾರ್ ಬೇಕು ಅಂತ ಬರೆದಿರುವ ದೊಡ್ಡ ಶವರ್ ತಂದರೆ ನೀರು ತೊಟ್ಟಿಕ್ಕುತ್ತದೆ, ಅಂಗಡಿಯವನನ್ನು ಬೈದು ಏನು ಪ್ರಯೋಜನ? ಟ್ಯಾಂಕಿಗೆ ಎತ್ತರದ ಕಟ್ಟೆ ಕಟ್ಟಿಸಿ. ಟ್ಯಾಂಕಿನಿಂದ ಇಳಿಯುವ ಪೈಪ್ 1 ಇಂಚು, ಬಾತ್‌ರೂಮಿನವರೆಗೆ ಮುಕ್ಕಾಲು ಇಂಚು, ನಲ್ಲಿ ಹತ್ತಿರ ಮಾತ್ರ ಅರ್ಧ ಇಂಚು ಇರಲಿ. ಪ್ರೆಷರ್ ಪಂಪ್ ಹಾಕಿಸುವುದಾದರೆ ಗೀಸರ್‌ಗೂ ಅದೇ ಲೈನಿನಿಂದ ನೀರು ಕೊಡಿ. ತಣ್ಣೀರಿಗೆ ಮಾತ್ರ ಪಂಪ್ ಇದ್ದರೆ ಅದು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ.

ಇನ್ನು ಸೋರುವ ವಿಚಾರ. ಮಿಕ್ಸರ್‌ನ ಎರಡು ಕಾಲುಗಳ (ಗೋಡೆಗೆ ಸೇರುವ ಗಿಡ್ಡ ಕೊಳವೆಗಳ) ನಡುವೆ ಸಾಮಾನ್ಯವಾಗಿ 150 ಮಿ.ಮೀ. ಅಂತರ. ಗೋಡೆಯಲ್ಲಿ ಕೂರಿಸುವ ಹಿತ್ತಾಳೆ ಎಲ್ಬೋಗಳೂ (ಪೈಪ್ ತಿರುವಿನ ಬೆಂಡ್‌ಗಳೂ) ಅಷ್ಟೇ ದೂರದಲ್ಲಿ, ಸ್ಪಿರಿಟ್ ಲೆವೆಲ್ ಇಟ್ಟು ನೋಡಿದರೆ ಒಂದೇ ಮಟ್ಟದಲ್ಲಿ ಇರಬೇಕು. ಬಿಸಿನೀರು ಎಡಕ್ಕೆ. ಎಲ್ಬೋ ಬಾಯಿ ಟೈಲ್ಸ್ ಮುಖಕ್ಕೆ ಸಮ ಬರಬೇಕು. ಗಾರೆ, ಟೈಲ್ಸ್ ಎರಡರ ದಪ್ಪ ಲೆಕ್ಕ ಹಾಕದೆ ಒಳಗೆ ತಳ್ಳಿದರೆ ಆಮೇಲೆ ಉದ್ದ ಹೆಚ್ಚಿಸಲು ಎಕ್ಸ್‌ಟೆನ್ಷನ್ ನಿಪ್ಪಲ್ ಅನ್ನುವ ತುಂಡು ಹಾಕಬೇಕು. ಅಲ್ಲಿಗೆ ಒಂದು ಜಾಯಿಂಟ್ ಜಾಸ್ತಿ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಆ ನಿಪ್ಪಲ್‌ನಲ್ಲೇ.

ಸಿಪಿವಿಸಿ ಸಾಲ್ವೆಂಟ್ (ಪ್ಲಾಸ್ಟಿಕ್ ಪೈಪ್ ಅಂಟಿಸುವ ಗೋಂದು) ಒಣಗಲು ಒಂದು ದಿನ ಬಿಡಿ. ಆಮೇಲೆ ಬಾಯಿಗಳಿಗೆ ಡಮ್ಮಿ (ಮುಚ್ಚುವ ಬಿರಡೆ) ಹಾಕಿ, ಗೀಸರ್ ಜೋಡಿಸದೆಯೇ, ಕೈ ಪಂಪಿನಿಂದ ಪ್ರೆಷರ್ ಟೆಸ್ಟ್ ಮಾಡಿಸಿ. ಮೀಟರಿನ ಮುಳ್ಳು ಒಂದು ಗಂಟೆ ಕದಲಬಾರದು. ಸ್ವಲ್ಪ ಇಳಿದರೆ ಪ್ಲಂಬರ್ "ಗಾಳಿ ಸಾರ್, ಏನೂ ಆಗಲ್ಲ" ಅನ್ನುತ್ತಾರೆ. ಗಾಳಿ ಬಿಡಿಸಿ ಮತ್ತೊಂದು ಸಲ ಏರಿಸಿ ಅನ್ನಿ, ಇದರಲ್ಲಿ ದಾಕ್ಷಿಣ್ಯ ಬೇಡ. ಟೈಲ್ಸ್ ಮುಚ್ಚುವ ಮುಂಚೆ ಗೋಡೆಗೆ ಅಳತೆ ಟೇಪ್ ಹಿಡಿದು ಪೈಪಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟವೆಲ್ ರಾಡಿಗೆ ಡ್ರಿಲ್ ಮಾಡುವಾಗ ಬೇಕಾಗುತ್ತದೆ.

ಮಿಕ್ಸರ್ ಕೂರಿಸುವ ದಿನ ಎರಡೂ ಬಾಯಿ ತೆರೆದು ಬಕೆಟ್ ಗಟ್ಟಲೆ ನೀರು ಬಿಡಿ. ಸಿಮೆಂಟ್ ಚೂರು, ಪೈಪಿನ ಪುಡಿ ಎಲ್ಲ ಹೋಗಲಿ. ಕಾಲುಗಳ ಮರೆ (ತಿರುಪಿನ ಗೆರೆ) ನುಣ್ಣಗಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಸ್ವಲ್ಪ ಗೀರಿ, ಟೆಫ್ಲಾನ್ ಟೇಪ್ ಜಾರುವುದಿಲ್ಲ. ಮರೆಯ ತುದಿ ನಿಮ್ಮ ಕಡೆಗೆ ಹಿಡಿದು, ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಎಳೆದು ಸುತ್ತಬೇಕು. ಬಿಗಿದ ಮೇಲೆ ಮಟ್ಟ ಸರಿಮಾಡಲು ಹಿಂದಕ್ಕೆ ತಿರುಗಿಸಿದರೆ ಸೋರುತ್ತದೆ. ಬಿಚ್ಚಿ ಹೊಸ ಟೇಪ್ ಸುತ್ತುವುದೇ ಸರಿ. ಮಿಕ್ಸರ್ ಸೇರುವ ದೊಡ್ಡ ನಟ್‌ಗಳಿಗೆ ಮಾತ್ರ ಟೇಪ್ ಬೇಡ, ಅಲ್ಲಿ ನೀರು ತಡೆಯುವುದು ಒಳಗಿನ ವಾಷರ್. ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ, ಸುಮ್ನೆ ಜಾಸ್ತಿ ಬಲ ಹಾಕಬೇಡಿ.

ಬೋರ್ ನೀರಾದರೆ ನಲ್ಲಿ ತುದಿಯ ಜಾಲರಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ.

ನಿಮ್ಮ ಟ್ಯಾಂಕ್ ಮೋಲ್ಡ್‌ನಿಂದ ಎಷ್ಟು ಅಡಿ ಮೇಲಿದೆ, ಬರುವುದು ಕಾವೇರಿ ನೀರೋ ಬೋರ್ ನೀರೋ ತಿಳಿಸಿ. ಪಂಪ್ ಬೇಕೋ ಬೇಡವೋ ಹೇಳುತ್ತೇನೆ.