ಹಬ್ಬದ ಕರಕುಶಲ ಮೇಳದಲ್ಲಿ ಮೊದಲು ಬಂದ ನಲವತ್ತು ಮಂದಿಗೆ ಮೇಜು ಕೊಟ್ಟುಬಿಡಬಹುದೇ?

ಹಬ್ಬದ ರಜೆಗೆ ಮುನ್ನ 60 ಅಡಿ ಉದ್ದ, 40 ಅಡಿ ಅಗಲದ ಸಮುದಾಯ ಭವನದಲ್ಲಿ ಮೊದಲ ಬಾರಿಗೆ ಕರಕುಶಲ ಮೇಳ ನಡೆಸಬೇಕೆಂದಿದ್ದೀರಿ. ಅದಕ್ಕೆ ಇನ್ನು ಎರಡು ತಿಂಗಳಿದೆ. ಮೊದಲು ಹಣ ಕಟ್ಟಿದ 40 ಮಂದಿಗೆ ಮೇಜು ಕೊಟ್ಟುಬಿಟ್ಟರೆ ಯಾರಿಗೂ ತಕರಾರು ಇರುವುದಿಲ್ಲವಲ್ಲ ಎಂದು ಕೇಳಿದ್ದೀರಿ. ಇಂಥ ಮೇಳಗಳ ಹೊಣೆಯನ್ನು ಕೆಲವು ವರ್ಷ ಹೊತ್ತ ಅನುಭವದ ಮೇಲೆ ಹೇಳುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ಮಾರುವವರನ್ನು ನೋಡಿ ಆರಿಸಿಕೊಳ್ಳಿ, ಸಂಖ್ಯೆಯನ್ನು ಇಪ್ಪತ್ತೆರಡರ ಆಸುಪಾಸಿಗೆ ಇಳಿಸಿ, ಆಯ್ಕೆಯನ್ನು ಈ ಒಂದು ವಾರದೊಳಗೆ ಮುಗಿಸಿ. ಮೇಳ ನಡೆಯುವುದು ಒಂದೋ ಎರಡೋ ದಿನವಾದರೂ, ಅಲ್ಲಿಗೆ ಬರುವ ಪ್ರತಿಯೊಂದು ವಸ್ತುವಿನ ಹಿಂದೆ ಒಬ್ಬರ ಕೈ ವಾರಗಟ್ಟಲೆ ದುಡಿದಿರುತ್ತದೆ; ಆ ಕೈಗೆ ಎಷ್ಟು ಸಮಯ ಬೇಕು ಎಂಬ ಲೆಕ್ಕದಿಂದಲೇ ನಿಮ್ಮ ಉಳಿದೆಲ್ಲ ತೀರ್ಮಾನಗಳು ಹೊರಡಬೇಕು.

ಮೊದಲ ವರ್ಷ ನಾನು ಮಾಡಿದ್ದು ನೀವು ಮಾಡಹೊರಟಿರುವುದನ್ನೇ. ಕೇಳಿದವರಿಗೆಲ್ಲ ಜಾಗ ಕೊಟ್ಟಿದ್ದರಿಂದ ಮೂರನೇ ಒಂದು ಭಾಗ ಮೇಜುಗಳ ಮೇಲೆ ಮಣಿಸರ ಮತ್ತು ಕಿವಿಯೋಲೆಗಳೇ ತುಂಬಿಹೋದವು. ಮಧ್ಯಾಹ್ನದ ಹೊತ್ತಿಗೆ ಒಂದು ಪುಟ್ಟ ಹುಡುಗಿ ಒಂದು ಮೇಜಿನಿಂದ ಮರದ ಕುದುರೆಯನ್ನು ಕೈಗೆತ್ತಿಕೊಂಡು, ಆಚೆ ಸಾಲಿನ ಇನ್ನೊಂದು ಮೇಜಿಗೆ ಓಡಿಹೋಗಿ ಅಲ್ಲಿದ್ದ ಕುದುರೆಯ ಪಕ್ಕದಲ್ಲಿಟ್ಟಳು. ಎರಡು ಕುದುರೆಗಳಿಗೂ ಎಡಗಣ್ಣಿನ ಬಣ್ಣ ಒಂದೇ ರೀತಿಯಲ್ಲಿ ಕೆನ್ನೆಗೆ ಇಳಿದಿತ್ತು. ಎರಡು ಮೇಜುಗಳ ಕೆಳಗೂ ಒಂದೇ ಬಗೆಯ ರಟ್ಟಿನ ಪೆಟ್ಟಿಗೆಗಳಿದ್ದವು. ಎರಡೂ ಸಗಟು ಮಾರುಕಟ್ಟೆಯಿಂದ ತಂದ ಸರಕೇ ಆಗಿತ್ತು. ಅವುಗಳ ನಡುವಿನ ಮೇಜಿನಲ್ಲಿ ನಿಜಕ್ಕೂ ಮರ ಕೆತ್ತುವ ಹಿರಿಯರೊಬ್ಬರು ಕುಳಿತಿದ್ದರು. ಅವರ ಬೊಂಬೆಯ ಬೆಲೆ ಆ ಕುದುರೆಯ ನಾಲ್ಕು ಪಟ್ಟು ಇತ್ತು, ಅದು ಇರಬೇಕಾದದ್ದೇ. ಆದರೆ ನೋಡುವ ಜನರಿಗೆ ಅದು ದುಬಾರಿ ಎಂದಷ್ಟೇ ಕಂಡಿತು. ಅವರು ಸಂಜೆ ಬೊಂಬೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದುದು ನನಗೆ ಇಂದಿಗೂ ಮರೆತಿಲ್ಲ. ಮುಂದಿನ ವರ್ಷ ಕರೆದಾಗ ಅವರು ಬರಲಿಲ್ಲ.

ಕೊಂಡುತಂದು ಮಾರುವವರ ಮೇಲೆ ನನಗೆ ದ್ವೇಷವಿಲ್ಲ. ಅದಕ್ಕೆ ಬೇರೆ ಮಾರುಕಟ್ಟೆಗಳಿವೆ. ಆದರೆ ಕರಕುಶಲ ಮೇಳವೆಂದು ಹೆಸರಿಟ್ಟು ಬಾಗಿಲು ತೆರೆದ ಮೇಲೆ, ಒಳಗಿರುವುದೆಲ್ಲ ಕೈಯಿಂದ ಮಾಡಿದ್ದೇ ಎಂಬ ಭರವಸೆಯನ್ನು ನೀವು ಬಂದವರಿಗೆ ಕೊಟ್ಟಂತಾಯಿತು. ಆದ್ದರಿಂದ ಅರ್ಜಿಯ ಜೊತೆಗೆ ಮೂರು ಛಾಯಾಚಿತ್ರಗಳನ್ನು ಕೇಳಿ: ಸಿದ್ಧ ವಸ್ತುವಿನದೊಂದು, ಅರ್ಧ ಮುಗಿದ ವಸ್ತುವಿನದೊಂದು, ಕೆಲಸ ಮಾಡುವ ಜಾಗದ್ದೊಂದು. ಎರಡನೆಯ ಚಿತ್ರವೇ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ. ತಾವೇ ಮಾಡುವವರ ಮನೆಯಲ್ಲಿ ಯಾವತ್ತಿಗೂ ಅರ್ಧಕ್ಕೆ ನಿಂತ ಕೆಲಸ ಒಂದಾದರೂ ಇರುತ್ತದೆ. ಕೊಂಡುತರುವವರ ಬಳಿ ಅದು ಇರುವುದಿಲ್ಲ. ಆರಿಸುವ ಕೆಲಸವನ್ನು ಮೂರು ಮಂದಿ ಸೇರಿ ಮಾಡಿ, ಅವರಲ್ಲಿ ಒಬ್ಬರಾದರೂ ಸ್ವತಃ ಏನನ್ನಾದರೂ ಮಾಡುವವರಾಗಿರಲಿ, ಅವರ ನೆಂಟರ ಅರ್ಜಿ ಬಂದಾಗ ಅವರು ಪಕ್ಕಕ್ಕೆ ಸರಿಯಲಿ. ಒಂದು ಬಗೆಯ ವಸ್ತುವಿಗೆ ಮೂರಕ್ಕಿಂತ ಹೆಚ್ಚು ಮೇಜು ಬೇಡ ಎಂಬ ನಿಯಮವನ್ನು ಅರ್ಜಿಯಲ್ಲಿಯೇ ಬರೆದುಬಿಟ್ಟರೆ, ಇಲ್ಲ ಎನ್ನಬೇಕಾದಾಗ ಮನಸ್ಸಿಗೆ ನೋವಾಗುವುದು ಕಡಿಮೆ.

ಇನ್ನು ಸಮಯದ ವಿಷಯ. ನಿಮ್ಮ ಎರಡು ತಿಂಗಳು ನಿಮಗೆ ಸಾಕೆನಿಸಬಹುದು, ಆದರೆ ತಯಾರಕರ ಕಡೆಯಿಂದ ನೋಡಿ. ಎಣ್ಣೆ ಮತ್ತು ಕ್ಷಾರವನ್ನು ಕಾಯಿಸದೆ ಬೆರೆಸಿ ಮಾಡುವ ಸಾಬೂನು ಒಂದೆರಡು ದಿನದಲ್ಲಿ ಗಟ್ಟಿಯಾಗಿ ತುಂಡಾಗುವುದೇನೋ ನಿಜ. ಆದರೆ ಅದರೊಳಗಿನ ನೀರು ಆರಿ, ತುಂಡು ಬಿಗಿದು, ಬಚ್ಚಲಲ್ಲಿ ಕರಗಿಹೋಗದಂತೆ ಬಾಳಿಕೆ ಬರಬೇಕಾದರೆ ಸಾಮಾನ್ಯವಾಗಿ 4ರಿಂದ 6 ವಾರ ಗಾಳಿಯಾಡುವ ಕಪಾಟಿನಲ್ಲಿ ಕೂರಬೇಕು. ಕೊನೆಯ ಮೂರು ವಾರವಿರುವಾಗ ಒಪ್ಪಿಗೆ ಸಿಕ್ಕರೆ ಸಾಬೂನು ಮಾಡುವವರಿಗೆ ಹಳೆಯ ದಾಸ್ತಾನನ್ನು ತರುವುದು ಬಿಟ್ಟು ಬೇರೆ ದಾರಿಯಿಲ್ಲ. ಮಣ್ಣಿನ ಬಟ್ಟಲು ಆತುರಪಟ್ಟರೆ ಸೀಳುತ್ತದೆ. ಅದನ್ನು ನಿಧಾನವಾಗಿ ಆರಿಸಿ, ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಟ್ಟು, ಗಾಜಿನ ಹೊಳಪಿನ ಲೇಪ ಕೊಟ್ಟು ಮತ್ತೊಮ್ಮೆ ಸುಡಬೇಕು. ಪ್ರತಿ ಬಾರಿಯೂ ಸುಡುವ ಗೂಡು ತುಂಬುವಷ್ಟು ಪಾತ್ರೆಗಳು ಸೇರುವವರೆಗೆ ಕಾಯಬೇಕು. ಸೋಯಾ ಮೇಣದ ಬತ್ತಿಯನ್ನು ಎರೆದ ಮೇಲೆ ಒಂದೆರಡು ವಾರ ಬಿಟ್ಟರೆ ಅದರ ಪರಿಮಳ ಹದಕ್ಕೆ ಬರುತ್ತದೆ. ಹೆಣೆಯುವವರ ಮಾತಂತೂ ಬೇಡವೇ ಬೇಡ: ದಿನದ ಕೆಲಸ ಮುಗಿಸಿ ರಾತ್ರಿ ಎರಡು ಗಂಟೆ ಹೆಣೆಯುವವರಿಗೆ ದೊಡ್ಡವರ ಒಂದು ಸ್ವೆಟರ್ ಮುಗಿಸಲು ತಿಂಗಳು ಹಿಡಿಯುತ್ತದೆ. ಎರಡು ತಿಂಗಳಿಗೆ ಎರಡೇ ಸ್ವೆಟರ್ ಎಂದಾಯಿತು. ಅದಕ್ಕೇ ಅವರಿಗೆ ಈ ವಾರವೇ ತಿಳಿಸಬೇಕು ಎಂದು ನಾನು ಒತ್ತಾಯಿಸುತ್ತಿರುವುದು. ಮುಂದಿನ ವರ್ಷವಂತೂ ಅರ್ಜಿಯನ್ನು ಆರು ತಿಂಗಳು ಮುಂಚೆ ಕರೆಯಿರಿ.

ದಿನಾಂಕವನ್ನು ಹಬ್ಬದ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ. ಮೂರು ನಾಲ್ಕು ವಾರ ಮುಂಚಿತವಾಗಿದ್ದರೆ ದೂರದ ಊರಿನವರಿಗೆ ಉಡುಗೊರೆ ಅಂಚೆಯಲ್ಲಿ ತಲುಪುತ್ತದೆ, ಹೆಸರು ಕಸೂತಿ ಹಾಕಿಸಿಕೊಳ್ಳಬೇಕೆಂದವರ ಬೇಡಿಕೆಯನ್ನು ತಯಾರಕರು ಪಡೆದು ಮುಗಿಸಿಕೊಡಲೂ ಆಗುತ್ತದೆ. ಮೊದಲ ವರ್ಷ ಒಂದೇ ದಿನ ಸಾಕು. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಇಂದು ವಾರಗಟ್ಟಲೆ ನಡೆಯುವ, ಲಕ್ಷಾಂತರ ಮಂದಿ ಬರುವ ಕ್ರಿಸ್‌ಮಸ್ ಸಂತೆಯೂ 1434ರಲ್ಲಿ ಹಬ್ಬದ ಹಿಂದಿನ ಒಂದೇ ಒಂದು ದಿನ ಮಾರಾಟಕ್ಕೆ ಸಿಕ್ಕ ಅಪ್ಪಣೆಯಿಂದ ಶುರುವಾದದ್ದು. ಎರಡು ದಿನ ಇಟ್ಟುಕೊಂಡು ಎರಡನೆಯ ದಿನ ಖಾಲಿ ಮೇಜುಗಳ ಮುಂದೆ ಜನ ಅಡ್ಡಾಡುವುದಕ್ಕಿಂತ, ಒಂದು ದಿನ ಭರ್ತಿಯಾಗಿ ನಡೆದು, ಸಿಗದೆ ಹೋದವರು ಮುಂದಿನ ವರ್ಷದ ದಿನಾಂಕ ಕೇಳಿಕೊಂಡು ಹೋಗುವುದು ಒಳ್ಳೆಯದು.

ನಲವತ್ತರ ಬದಲು ಇಪ್ಪತ್ತೆರಡು ಏಕೆ ಎಂಬುದು ಬರೀ ಅಳತೆಯ ಲೆಕ್ಕ. ಆರು ಅಡಿಯ ಮೇಜಿಗೆ ಮಾರುವವರು ಆಚೆ ಈಚೆ ಓಡಾಡುವ ಸಂದು ಸೇರಿ ಎಂಟು ಅಡಿ ಉದ್ದ, ಹಿಂದೆ ಕುರ್ಚಿ ಮತ್ತು ಪೆಟ್ಟಿಗೆಗಳ ಜಾಗ ಸೇರಿ ಆರು ಅಡಿ ಆಳ ಬೇಕು. ನಿಮ್ಮ ಉದ್ದದ ಗೋಡೆಗಳಿಗೆ ಏಳೇಳರಂತೆ 14, ಹಿಂದಿನ ಗೋಡೆಗೆ 3, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಎರಡು ಸಾಲಿಗೆ 8, ಒಟ್ಟು 25 ಆಗುತ್ತದೆ. ಮುಂಬಾಗಿಲ ಗೋಡೆಯನ್ನು ಪೂರ್ತಿ ಖಾಲಿ ಬಿಟ್ಟಿದ್ದೇನೆ. ತುರ್ತು ಬಾಗಿಲ ಮುಂದಿನದೊಂದು, ಮಕ್ಕಳು ಕೂತು ಏನಾದರೂ ಮಾಡುವುದಕ್ಕೊಂದು, ವಯಸ್ಸಾದವರು ಕುಳಿತು ಸುಧಾರಿಸಿಕೊಳ್ಳುವುದಕ್ಕೊಂದು ಜಾಗ ಕಳೆದರೆ ಉಳಿಯುವುದು 22. ಹೀಗೆ ಮಾಡಿದಾಗ ಓಡಾಡುವ ದಾರಿ ಎಂಟು ಅಡಿ ಅಗಲ ಇರುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವುದಕ್ಕೇ ಸುಮಾರು ಐದು ಅಡಿ ಬೇಕು. ಉಳಿದ ಮೂರು ಅಡಿಯಲ್ಲಿ ಜನ ಮೇಜಿನ ಮುಂದೆ ನಿಂತು ನೋಡುತ್ತಾರೆ. ಆ ದಾರಿಯನ್ನು ಕಿರಿದು ಮಾಡಿ ಮೇಜು ತುಂಬಿದರೆ ಜನ ನಿಲ್ಲುವುದಿಲ್ಲ, ಹಿಂದಿನವರ ತಳ್ಳಾಟಕ್ಕೆ ಮುಂದೆ ಸಾಗುತ್ತಾರೆ, ಮತ್ತು ನಿಲ್ಲದವರು ಕೊಳ್ಳುವುದಿಲ್ಲ.

ಹೊರಗೆ ಅಂಗಳದಲ್ಲಿ ನಾಲ್ಕೈದು ಡೇರೆ ಹಾಕುವ ಆಲೋಚನೆ ಇದ್ದರೆ ಒಂದು ಮಾತು: ಹತ್ತು ಅಡಿ ಚೌಕದ ಮಡಚುವ ಡೇರೆಯ ಪ್ರತಿ ಕಾಲಿಗೂ ಕನಿಷ್ಠ 18 ಕಿಲೋ ಭಾರ ಕಟ್ಟಿಸಿ. ಗಾಳಿ ಬಂದಾಗ ಅದು ಎದ್ದು ಪಕ್ಕದವರ ಪಿಂಗಾಣಿಯ ಮೇಲೆ ಬೀಳಲು ಒಂದು ಕ್ಷಣ ಸಾಕು.

ವಿದ್ಯುತ್ತಿನ ಬಗ್ಗೆಯೂ ಮುಂಚೆಯೇ ಕೇಳಿಟ್ಟುಕೊಳ್ಳಿ. ಒಂದು ಎಲ್‌ಇಡಿ ದೀಪಕ್ಕೆ 10 ವ್ಯಾಟ್ ಸಾಕು. ನೀರು ಕಾಯಿಸುವ ಒಂದು ವಿದ್ಯುತ್ ಕೆಟಲ್ 2000 ವ್ಯಾಟ್‌ನವರೆಗೂ ಎಳೆಯುತ್ತದೆ, ಅಂದರೆ ಅಂಥ ಇನ್ನೂರು ದೀಪಗಳ ಭಾರ. ಕಾಯಿಸುವ ಉಪಕರಣಗಳನ್ನು ಒಂದೇ ಕಡೆ, ಬೇರೆ ಸಂಪರ್ಕದಲ್ಲಿ ಇಡಿ. ದೀಪದ ಡಬ್ಬಿಯ ಮೇಲೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದನ್ನು ಸಿಆರ್‌ಐ ಎಂಬ ಅಂಕಿಯಲ್ಲಿ ಕೊಟ್ಟಿರುತ್ತಾರೆ. ಅದು 90ಕ್ಕಿಂತ ಮೇಲಿರುವ ದೀಪಗಳನ್ನೇ ತರಲು ಹೇಳಿ. ಕಡಿಮೆ ಅಂಕಿಯ ದೀಪದ ಕೆಳಗೆ ಬಣ್ಣ ಹಾಕಿದ ಉಣ್ಣೆಯ ಕೆಂಪು ಮಂಕಾಗಿ ಕಾಣುತ್ತದೆ. ವಾರವಿಡೀ ಬಣ್ಣದ ಹದ ನೋಡಿದವರಿಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಸುರಕ್ಷತೆಯಲ್ಲಿ ಹೆಚ್ಚು ಮರೆತುಹೋಗುವುದು ಆಟಿಕೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚುವ ಯಾವ ಭಾಗವೂ ಗಂಟಲಲ್ಲಿ ಸಿಕ್ಕುವಷ್ಟು ಚಿಕ್ಕದಾಗಿರಬಾರದು. ಇದನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಒಂದು ಪುಟ್ಟ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಒತ್ತದೆಯೇ ಪೂರ್ತಿ ಇಳಿಯುವ ತುಂಡು ಅಪಾಯಕಾರಿ. ಹೆಣೆದ ಗೊಂಬೆಗೆ ಹೊಲಿದ ಗುಂಡಿಯ ಕಣ್ಣುಗಳು ಬಹುಪಾಲು ಈ ಪರೀಕ್ಷೆಯಲ್ಲಿ ಸೋಲುತ್ತವೆ. ದಾರದಿಂದಲೇ ಕಣ್ಣು ಹೊಲಿಯುವಂತೆ ತಯಾರಕರಿಗೆ ಮೊದಲೇ ತಿಳಿಸಿ. ಹೊಳಪು ಲೇಪದ ಪಾತ್ರೆ ಮಾರುವವರನ್ನು ಆ ಲೇಪ ಸೀಸರಹಿತವೇ, ಊಟಕ್ಕೆ ಬಳಸಬಹುದೇ ಎಂದು ಕೇಳಿ. ಮೇಣದಬತ್ತಿಯನ್ನು ಒಳಗೆ ಉರಿಸಲು ಬಿಡಬೇಡಿ. ಅನುಮತಿ, ವಿಮೆ, ಸಂಗೀತ ಹಾಕುವ ಪರವಾನಗಿ ಇವೆಲ್ಲ ನಿಮ್ಮ ಸ್ಥಳೀಯ ಆಡಳಿತದಲ್ಲಿ ವಿಚಾರಿಸಬೇಕಾದವು.

ಮೇಜಿನ ಬಾಡಿಗೆಯನ್ನು ಎಲ್ಲರಿಗೂ ಒಂದೇ ಇಡುವುದು ಲೆಕ್ಕಕ್ಕೆ ಸುಲಭ, ಆದರೆ ಮೊದಲ ಬಾರಿ ಮಾರಲು ಬರುವವರಿಗೆ ಅರ್ಧ ಮೇಜನ್ನು ಅರ್ಧ ದರಕ್ಕೆ ಕೊಡುವ ಅವಕಾಶ ಇಟ್ಟುಕೊಳ್ಳಿ. ನನಗೆ ಸಿಕ್ಕ ಒಳ್ಳೆಯ ತಯಾರಕರಲ್ಲಿ ಹಲವರು ಹೀಗೆ ಅಳುಕಿನಿಂದ ಅರ್ಧ ಮೇಜಿಗೆ ಬಂದವರು. ಮಾರಾಟದಲ್ಲಿ ಪಾಲು ಕೇಳುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಯಾರು ಎಷ್ಟು ಮಾರಿದರು ಎಂದು ಲೆಕ್ಕ ಕೇಳುತ್ತಾ ನಿಂತರೆ ಹಬ್ಬದ ದಿನದ ಮಾತುಕತೆಯೇ ಕೆಡುತ್ತದೆ. ಬೆಲೆ ನಿಗದಿಯಲ್ಲಿ ನೀವು ಕೈಹಾಕಬೇಕಿಲ್ಲ. ಆದರೆ ಹೊಸಬರಿಗೆ ಒಂದು ಮಾತು ಹೇಳಿಕೊಡಿ: ಸಾಮಗ್ರಿಯ ಖರ್ಚಿಗೆ ತಮ್ಮ ಗಂಟೆಗಳ ಕೂಲಿಯನ್ನೂ, ಬಾಡಿಗೆಯ ಪಾಲನ್ನೂ ಸೇರಿಸಿಯೇ ಬೆಲೆ ಕಟ್ಟಲಿ. ಹವ್ಯಾಸಕ್ಕೆ ಮಾಡುವವರು ನೂಲಿನ ಬೆಲೆಗೇ ಟೋಪಿ ಮಾರಿಬಿಟ್ಟರೆ, ಪಕ್ಕದ ಮೇಜಿನಲ್ಲಿ ಅದೇ ಕೆಲಸದಿಂದ ಮನೆ ನಡೆಸುವವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಕೊನೆಯ ಗಂಟೆಯಲ್ಲಿ ಬೆಲೆ ಇಳಿಸಿ ಕೂಗುವುದನ್ನೂ ನಿಯಮದಲ್ಲಿಯೇ ತಡೆಯಿರಿ.

ಜನರನ್ನು ನಿಲ್ಲಿಸುವುದು ಪ್ರಚಾರಕ್ಕಿಂತ ಹೆಚ್ಚಾಗಿ ಕೈಕೆಲಸವೇ. ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಸೈಫೆನ್ ಎಂಬ ಊರಿನಲ್ಲಿ, ಗಣಿಗಾರಿಕೆ ಕುಸಿದ ಮೇಲೆ ಮರದ ಕೆಲಸಕ್ಕೆ ತಿರುಗಿದ ಮನೆತನಗಳಿವೆ. ಅಲ್ಲಿಯವರು ಹಸಿ ಸ್ಪ್ರೂಸ್ ಮರದ ದುಂಡು ಕೊರಡನ್ನು ತಿರುಗಣೆಗೆ ಹಾಕಿ, ಉಳಿಯಿಂದ ಒಳಗೂ ಹೊರಗೂ ಏರಿಳಿತಗಳನ್ನು ಕೊರೆದು ಒಂದು ಬಳೆಯಂತೆ ಬಿಡಿಸುತ್ತಾರೆ. ನೋಡುವವರಿಗೆ ಅದು ಬರೀ ಒಂದು ಬಳೆ. ಅದನ್ನು ಕೇಕ್ ತುಂಡರಿಸುವಂತೆ ಸೀಳಿದಾಗ, ಪ್ರತಿ ಸೀಳಿನ ಕೊಯ್ದ ಮುಖದಲ್ಲಿ ಆನೆಯೋ ಹಸುವೋ ಎದ್ದು ನಿಂತಿರುತ್ತದೆ. ಕೆತ್ತುವಾಗ ಪ್ರಾಣಿಯ ಆಕಾರ ಕೆಲಸಗಾರನ ಕಣ್ಣಿಗೆ ಕಾಣುವುದೇ ಇಲ್ಲ, ಅವನ ಕೈಗೆ ಮಾತ್ರ ಗೊತ್ತು. ಇಂಥದ್ದೇ ಬೇಕೆಂದಲ್ಲ; ನಿಮ್ಮ 22 ಮೇಜುಗಳಲ್ಲಿ ನಾಲ್ಕರಲ್ಲಾದರೂ ಯಾರೋ ಒಬ್ಬರು ಹೆಣೆಯುತ್ತಲೋ, ಬುಟ್ಟಿ ನೇಯುತ್ತಲೋ, ಪುಸ್ತಕ ಹೊಲಿಯುತ್ತಲೋ ಇರಲಿ. ಮಾಡುವುದನ್ನು ಕಣ್ಣಾರೆ ಕಂಡವರು ಬೆಲೆ ಏಕೆ ಇಷ್ಟು ಎಂದು ಕೇಳುವುದಿಲ್ಲ.

ಮಕ್ಕಳ ಮೇಜಿಗೆ ಹದಿನೈದು ನಿಮಿಷದಲ್ಲಿ ಮುಗಿಯುವ, ಅಂಟು ಒಣಗಲು ಕಾಯಬೇಕಿಲ್ಲದ ಕೆಲಸ ಹುಡುಕಿ. ಕಾಗದ ಮಡಚಿ ಮಾಡುವ ನಕ್ಷತ್ರ ನನಗೆ ಎಲ್ಲಕ್ಕಿಂತ ಇಷ್ಟ. ಮೊರಾವಿಯನ್ ಎಂಬ ಕ್ರೈಸ್ತ ಪಂಥದವರ ಪ್ರಸಿದ್ಧ ಹೆರ್ನ್‌ಹುಟ್ ನಕ್ಷತ್ರವೂ 19ನೇ ಶತಮಾನದ ಆರಂಭದಲ್ಲಿ ವಸತಿಶಾಲೆಯೊಂದರ ರೇಖಾಗಣಿತದ ಪಾಠವಾಗಿ ಹುಟ್ಟಿದ್ದು. ಅದರ 25 ಮೊನೆಗಳಲ್ಲಿ 17 ಚೌಕ ಬುಡದವು, 8 ತ್ರಿಕೋನ ಬುಡದವು. ಅಷ್ಟು ದೊಡ್ಡದು ಮಕ್ಕಳಿಗೆ ಬೇಡ, ನಾಲ್ಕು ಪಟ್ಟಿ ಕಾಗದದ್ದು ಸಾಕು.

ಸಂಜೆ ಬಾಗಿಲು ಮುಚ್ಚುವವರೆಗೆ ಯಾರೂ ಮೇಜು ಖಾಲಿ ಮಾಡಬಾರದೆಂದು ಮೊದಲೇ ಒಪ್ಪಿಸಿಕೊಂಡಿರಿ. ಒಬ್ಬರು ಪೆಟ್ಟಿಗೆ ತುಂಬಲು ಶುರು ಮಾಡಿದರೆ ಇಡೀ ಸಾಲು ಅರ್ಧ ಗಂಟೆಯಲ್ಲಿ ಕರಗುತ್ತದೆ. ಮುಚ್ಚಿದ ಮೇಲೆ ಒಂದು ಪುಸ್ತಕ ಹಿಡಿದು ಮೇಜಿನಿಂದ ಮೇಜಿಗೆ ನೀವೇ ಹೋಗಿ, ಮಾರಾಟವೆಷ್ಟು ಎಂದು ಕೇಳದೆ, ಯಾವುದು ಮೊದಲು ಖಾಲಿಯಾಯಿತು, ಯಾವುದನ್ನು ಜನ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು ಎಂಬ ಎರಡು ಪ್ರಶ್ನೆಗಳನ್ನಷ್ಟೇ ಕೇಳಿ ಬರೆದುಕೊಳ್ಳಿ. ಮುಂದಿನ ವರ್ಷ ಅರ್ಜಿಗಳನ್ನು ಆರಿಸಲು ಕೂರುವ ಮೂವರ ಮುಂದೆ ಮೊದಲು ಆ ಪುಸ್ತಕವನ್ನೇ ಇಡಿ.