ಹಳೇ ಸೈಕಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಸೈಕಲ್ ಒಂದು ಮಾರಾಟಕ್ಕಿದೆ. 1880ರ ಆಸುಪಾಸಿನದು ಅನ್ನುತ್ತಾರೆ. ಮೈಯೆಲ್ಲ ತುಕ್ಕು ಹಿಡಿದಿದೆ. ಅಸಲಿಯೋ ನಕಲಿಯೋ ಗುರುತಿಸುವುದು ಹೇಗೆ ಸರ್?

ಉತ್ತರ: ತುಕ್ಕನ್ನು ಮಾತ್ರ ನಂಬಬೇಡಿ. ಉಪ್ಪುನೀರು ಎರಚಿ ಬಿಸಿಲು ಮಳೆಗೆ ಬಿಟ್ಟರೆ ಹೊಸ ಕಬ್ಬಿಣವೂ ಬೇಗ ಕೆಂಪಾಗುತ್ತದೆ. ಇಂಥ ಸೈಕಲ್ ಸಿಕ್ಕಿದಾಗ ನಾನು ಮೊದಲು ಭೂತಗನ್ನಡಿ ಹಿಡಿದು ಕೊಳವೆಗಳು ಕೂಡುವ ಜಾಗ ನೋಡುತ್ತೇನೆ. ಆಗೆಲ್ಲ ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಬಣ್ಣ ಎದ್ದ ಕಡೆ ಸಂದಿಯಲ್ಲಿ ಸಣ್ಣ ಹಳದಿ ಗೆರೆ ಕಂಡರೆ ಖುಷಿಪಡಿ. ಅದರ ಬದಲು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಉಬ್ಬಿದ ಗೆರೆ ಇದ್ದರೆ ಅದು ಕರೆಂಟ್ ವೆಲ್ಡಿಂಗ್. ಒಂದೇ ಕಡೆ ಇದ್ದರೆ ಯಾವಾಗಲೋ ರಿಪೇರಿ ಆಗಿದೆ ಅನ್ನಬಹುದು. ಎಲ್ಲ ಕೂಡುಜಾಗದಲ್ಲೂ ಹಾಗೇ ಇದ್ದರೆ ಕೊಳ್ಳಬೇಡಿ.

ಆಮೇಲೆ ಸ್ಕ್ರೂಗಳನ್ನು ನೋಡಿ. ತಲೆಯ ಮೇಲೆ ನಕ್ಷತ್ರದ ಗುರುತಿರುವ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಹೊಳಪೂ ಸುಳಿವು ಕೊಡುತ್ತದೆ. ಹಳೇ ಸೈಕಲ್ಲುಗಳಿಗೆ ನಿಕ್ಕಲ್ ಲೇಪ ಕೊಡುತ್ತಿದ್ದರು, ಅದರ ಹೊಳಪು ಕೊಂಚ ಹಳದಿಗೆ ತಿರುಗಿರುತ್ತದೆ. ನೀಲಿ ಛಾಯೆಯ ಕ್ರೋಮ್ ಬಂದದ್ದು 1920ರ ದಶಕದಲ್ಲಿ. ಇನ್ನು ಕಡ್ಡಿಗಳು. ಆ ಕಾಲದ ಎಷ್ಟೋ ಚಕ್ರಗಳಲ್ಲಿ ಕಡ್ಡಿಯನ್ನು ನೇರ ಚಕ್ರದ ನಡುವಿನ ಹಬ್‌ಗೇ ತಿರುಪಿ ಬಿಗಿಯುತ್ತಿದ್ದರು. ಆದರೆ ಕಡ್ಡಿಗಳು ಓರೆಯಾಗಿ ಒಂದನ್ನೊಂದು ದಾಟಿವೆ ಅನ್ನುವ ಕಾರಣಕ್ಕೇ ನಕಲಿ ಅಂತ ತೀರ್ಮಾನಿಸಬೇಡಿ. ಇಂಗ್ಲೆಂಡಿನ ಸೈಕಲ್ ತಯಾರಕ ಜೇಮ್ಸ್ ಸ್ಟಾರ್ಲಿ ಅದಕ್ಕೆ 1874ರಲ್ಲೇ ಪೇಟೆಂಟ್ ಪಡೆದಿದ್ದರು.

ಪ್ರಶ್ನೆ: ನನ್ನ ಹತ್ತಿರ ನೂರು ವರ್ಷ ದಾಟಿದ ಸೈಕಲ್ ಇದೆ. ಬಣ್ಣ ಮಾಸಿ ಕಪ್ಪಾಗಿದೆ. ಮರಳು ಹಾಯಿಸಿ ತುಕ್ಕು ತೆಗೆಸಿ, ಹೊಸ ಪೇಂಟ್ ಹೊಡೆಸಲೇ?

ಉತ್ತರ: ದಯವಿಟ್ಟು ಬೇಡ. ಮರಳಿನ ಹೊಡೆತಕ್ಕೆ ಬಣ್ಣದ ಜೊತೆ ಕೈಯಲ್ಲಿ ಎಳೆದ ಗೆರೆಗಳು, ಬಣ್ಣದ ಮೇಲೆ ಅಚ್ಚೊತ್ತಿದ ಕಂಪನಿಯ ಗುರುತು ಎಲ್ಲ ಹೋಗುತ್ತವೆ. ಮೆಲ್ಲಗೆ ಒತ್ತಿದ ನಂಬರ್ ಕೂಡ ಸವೆದುಹೋಗಬಹುದು. ಅದು ಯಾರ ಸೈಕಲ್, ಯಾವ ವರ್ಷದ್ದು ಅಂತ ಹೇಳುವ ಸಾಕ್ಷಿ ಇವೇ ಅಲ್ವಾ? ಹೊಸ ಬಣ್ಣ ಯಾವತ್ತಾದರೂ ಹೊಡೆಸಬಹುದು, ಹಳೇದನ್ನು ವಾಪಸ್ ತರಲಾಗದು.

ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಪೆಡಲ್ ಕೂಡುವ ಜಾಗದ ಅಡಿಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ಲಿಂದ ಶುರು ಮಾಡಿ. ಹತ್ತಿಬಟ್ಟೆಗೆ ಎರಡು ಹನಿ ಹೊಲಿಗೆ ಮಿಷನ್ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ. ಬಟ್ಟೆಗೆ ಕಂದು ಜಿಡ್ಡು ಬಂದರೆ ಸರಿ, ಅದು ಕೊಳೆ. ಸೈಕಲ್ಲಿನ ಬಣ್ಣವೇ ಬರತೊಡಗಿದರೆ ತಕ್ಷಣ ನಿಲ್ಲಿಸಿ. ಹೀಗೆ ಬೆರಳಗಲ, ಬೆರಳಗಲ ಒರೆಸುತ್ತ ಹೋದಾಗ ಎಷ್ಟೋ ಸಲ ಕಪ್ಪಿನ ಅಡಿಯಿಂದ ಕೂದಲೆಳೆಯಷ್ಟು ಸಣ್ಣ ಚಿನ್ನದ ಗೆರೆ ಎದ್ದು ಬರುತ್ತದೆ. ಕುಂಚ ಎತ್ತಿದ ಕಡೆ ಗೆರೆ ತುಸು ಸಣ್ಣಗಾಗಿದ್ದು ಕೂಡ ಕಾಣುತ್ತದೆ. ಇದಕ್ಕಿಂತ ದೊಡ್ಡ ಸಂತೋಷ ಈ ಕೆಲಸದಲ್ಲಿ ನನಗೆ ಬೇರೆ ಇಲ್ಲ.

ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ, ಕಂಪನಿಯ ಗುರುತು ಕರಗುತ್ತದೆ. ನಿಕ್ಕಲ್ ಭಾಗಕ್ಕೆ ಉಪ್ಪುಕಾಗದ ಹಚ್ಚಬೇಡಿ, ಲೇಪ ತೆಳು. ಒರೆಸಿ ಮುಗಿದ ಮೇಲೆ ತೆಳ್ಳಗೆ ಮೇಣ ಸವರಿದರೆ ಸಾಕು. ಚರ್ಮದ ಸೀಟಿಗೆ ಎಣ್ಣೆ ಜಾಸ್ತಿಯಾದರೆ ಮೆತ್ತಗಾಗಿ ಜೋತುಬೀಳುತ್ತದೆ, ಜೋಪಾನ.

ಪ್ರಶ್ನೆ: 1886ರ ಸೈಕಲ್ ಅಂತ ಕೊಟ್ಟಿದ್ದಾರೆ, ಆದರೆ ಗಾಳಿ ತುಂಬುವ ಟೈರ್ ಇದೆ. ಮೋಸ ಹೋದೆನೇ?

ಉತ್ತರ: ಅಷ್ಟಕ್ಕೇ ಹಾಗನ್ನಲಾಗದು. ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ, ಅದಕ್ಕೂ ಮುಂಚಿನವು ಗಟ್ಟಿ ರಬ್ಬರಿನವು. ಆದರೆ ಸವಾರಿ ಹಗುರಾಗಲಿ ಅಂತ ಹಳೇ ಸೈಕಲ್ಲಿಗೆ ಹೊಸ ಚಕ್ರ ಹಾಕಿಸಿಕೊಂಡವರೂ ಇದ್ದರು. ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕಿನ ಎರಡು ಕಾಲುಗಳ ನಡುವಿನ ಜಾಗ ನೋಡಿ. ದಪ್ಪ ಟೈರಿಗಾಗಿ ಅದನ್ನು ಅಗಲಿಸಿದ ಗುರುತಿದ್ದರೆ ಚಕ್ರ ಆಮೇಲಿನದು, ಫ್ರೇಮ್ ಹಳೇದೇ ಇರಬಹುದು. ಅಂಥ ಚಕ್ರವನ್ನು ಕಿತ್ತೆಸೆಯಬೇಡಿ, ಅದೂ ಆ ಸೈಕಲ್ಲಿನ ಚರಿತ್ರೆಯ ಭಾಗವೇ.