ಪಾಲಿಕೆ ಆಯುಕ್ತರಿಗೂ ನಾವೇ ವೋಟು ಹಾಕಬಾರದೇಕೆ?

ನಗರಾಡಳಿತದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನಲ್ಲಿದ್ದಾಳೆ. ಅಲ್ಲಿ ಊರಿನ ಸಿಟಿ ಕ್ಲರ್ಕ್, ಟ್ರೆಷರರ್ ಇವರನ್ನೂ ಜನರೇ ವೋಟು ಹಾಕಿ ಆರಿಸುತ್ತಾರಂತೆ. ಈಗ ಆ ಹುದ್ದೆಗಳಿಗೆ ಚುನಾವಣೆ ಬೇಕಾ, ನೇಮಕ ಸಾಕಾ ಅಂತ ಚರ್ಚೆ ನಡೆಯುತ್ತಿದೆಯಂತೆ. ಇಲ್ಲಿ ಮೈಸೂರಿನಲ್ಲಿ ಪಾಲಿಕೆ ಆಯುಕ್ತರು ಯಾರು ಅಂತ ಗೊತ್ತಾಗುವಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ. ಬೀದಿಯ ಯುಜಿಡಿ (ಒಳಚರಂಡಿ) ಉಕ್ಕಿ ಹರಿದರೆ ಹೇಳಿಕೊಳ್ಳೋಣ ಅಂದರೆ ವಾರ್ಡಿಗೆ ಕಾರ್ಪೊರೇಟರೂ ಇಲ್ಲ. ಆಯುಕ್ತರನ್ನು ನಾವೇ ಆರಿಸುವ ಹಾಗಿದ್ದರೆ ಒಳ್ಳೆಯದಿತ್ತು ಅಲ್ವಾ?
— ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಉತ್ತರ: ಮೇಡಂ, ನಿಮ್ಮ ಬೇಸರ ಪೂರ್ತಿ ನ್ಯಾಯವಾದದ್ದು. ಆದರೂ ಆಯುಕ್ತರನ್ನು ವೋಟಿನಿಂದ ಆರಿಸುವುದು ಬೇಡ ಅನ್ನುವವನು ನಾನು. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮಗಳು ಹೇಳಿದ್ದು ಸರಿ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಸಾಮಾನ್ಯ ಕಾನೂನಿನಂತೆ ನಡೆಯುವ ಊರುಗಳಲ್ಲಿ ಕ್ಲರ್ಕ್ ಮತ್ತು ಟ್ರೆಷರರ್ ಚುನಾವಣೆಯಿಂದ ಬರುತ್ತಾರೆ. ಅದು ಬೇಡ, ನೇಮಕವೇ ಆಗಲಿ ಅಂತ ಊರಿನವರೇ ಮತ ಹಾಕಿ ಹೇಳಿದರೆ ಮಾತ್ರ ಬದಲಾಗುತ್ತದೆ. ಈ ಕ್ಲರ್ಕ್ ಊರಿನ ದಾಖಲೆ, ಸಭೆಯ ನಡಾವಳಿ, ಚುನಾವಣೆ ಕೆಲಸ ನೋಡಿಕೊಳ್ಳುವ ಅಧಿಕಾರಿ. ಟ್ರೆಷರರ್ ಕೈಯಲ್ಲಿ ಊರಿನ ದುಡ್ಡು ಇರುತ್ತದೆ.

ದುಡ್ಡು ನೋಡಿಕೊಳ್ಳುವವರನ್ನು ವೋಟಿನಿಂದ ಆರಿಸಿದರೆ ಏನಾಗಬಹುದು ಅಂತ ತಿಳಿಯಲು ಅದೇ ರಾಜ್ಯದ ಆರೆಂಜ್ ಕೌಂಟಿಯನ್ನು ನೋಡಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅಲ್ಲಿನ ಚುನಾಯಿತ ಖಜಾಂಚಿ ರಾಬರ್ಟ್ ಸಿಟ್ರನ್ ಸಾಲ ತಂದು, ಅದನ್ನೂ ಸೇರಿಸಿ, ಸಾರ್ವಜನಿಕ ಹಣವನ್ನು ಹೂಡುತ್ತಿದ್ದರು. ವರ್ಷಾನುಗಟ್ಟಲೆ ಒಳ್ಳೆಯ ಆದಾಯ ಬಂತು. 1994ರ ಚುನಾವಣೆಯಲ್ಲಿ ಎದುರಾಳಿ ಜಾನ್ ಮೂರ್ಲಾಕ್, ಇದು ಅಪಾಯದ ದಾರಿ ಅಂತ ಬಹಿರಂಗವಾಗಿಯೇ ಎಚ್ಚರಿಸಿದರು. ಜನ ಸಿಟ್ರನ್ ಅವರನ್ನೇ ಗೆಲ್ಲಿಸಿದರು. ಬಡ್ಡಿದರ ಏರಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸುಮಾರು 160 ಕೋಟಿ ಡಾಲರ್ ನಷ್ಟವಾಗಿ ಕೌಂಟಿಯೇ ದಿವಾಳಿಯಾಯಿತು. ಮತದಾರರು ದಡ್ಡರು ಅಂತ ನಾನು ಹೇಳುತ್ತಿಲ್ಲ. ಬಾಂಡು, ಬಡ್ಡಿದರದ ಲೆಕ್ಕ ಚುನಾವಣಾ ಭಾಷಣ ಕೇಳಿ ತೂಗಿ ನೋಡುವಂಥದ್ದಲ್ಲ. ಅಂಥ ಕೆಲಸಕ್ಕೆ ಓದು, ಅನುಭವ ನೋಡಿ ನೇಮಿಸುವುದೇ ಸರಿ.

ಹಾಗಂತ ನೇಮಕ ಮಾಡಿ ಸುಮ್ನೆ ಕೂತರೆ ಆಯಿತಾ? ಅದೂ ಆಗುವುದಿಲ್ಲ. ಲಾಸ್ ಏಂಜಲೀಸ್ ಪಕ್ಕದಲ್ಲಿ ಬೆಲ್ ಅಂತ ಒಂದು ಬಡ ಊರಿದೆ. ಜನಸಂಖ್ಯೆ ಸುಮಾರು 35 ಸಾವಿರ. ಅಲ್ಲಿ ಆಡಳಿತ ನಡೆಸಲು ನೇಮಕಗೊಂಡಿದ್ದ ಸಿಟಿ ಮ್ಯಾನೇಜರ್ ವರ್ಷಕ್ಕೆ 8 ಲಕ್ಷ ಡಾಲರ್ ಹತ್ತಿರ ಹತ್ತಿರ ಸಂಬಳ ಪಡೆಯುತ್ತಿದ್ದರು. 2010ರಲ್ಲಿ ಪತ್ರಿಕೆಯವರು ಬಯಲು ಮಾಡುವ ತನಕ ಊರಿಗೆ ಇದು ಗೊತ್ತೇ ಇರಲಿಲ್ಲ. ಪ್ರಶ್ನೆ ಕೇಳಬೇಕಿದ್ದ ಕೌನ್ಸಿಲ್ ಸದಸ್ಯರೇ ತಮ್ಮ ಸಂಬಳವನ್ನೂ ಏರಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಸಂಬಳದ ಮೇಲೆ ರಾಜ್ಯದ ಕಾನೂನು ಹಾಕಿದ್ದ ಮಿತಿ ತಪ್ಪಿಸಿಕೊಳ್ಳಲು ಅವರಿಗೆ ದಾರಿ ಸಿಕ್ಕಿದ್ದು 2005ರ ಒಂದು ಸಣ್ಣ ಮತದಾನದಲ್ಲಿ. ಅದರಲ್ಲಿ ವೋಟು ಹಾಕಿದವರು 400 ಮಂದಿಯೂ ಇರಲಿಲ್ಲ. ಕೊನೆಗೆ ಮ್ಯಾನೇಜರ್ ಜೈಲಿಗೆ ಹೋದರು. ಕೌನ್ಸಿಲ್ ಸದಸ್ಯರಿಗೂ ಶಿಕ್ಷೆಯಾಯಿತು.

ಈ ಎರಡು ಕತೆಗಳನ್ನು ಇಟ್ಟುಕೊಂಡು ಈಗ ಸಯ್ಯಾಜಿರಾವ್ ರಸ್ತೆಯ ಪಾಲಿಕೆ ಕಚೇರಿಗೆ ಬನ್ನಿ.

ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ ಪ್ರಕಾರ ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಅವರು ನಕ್ಷೆ ಮೀರಿ ಕಟ್ಟಿದ ಮನೆಗೆ ನೋಟಿಸ್ ಕೊಡಬೇಕು. ಆಸ್ತಿ ತೆರಿಗೆ ಬಾಕಿ ವಸೂಲಿ ಮಾಡಬೇಕು. ಫುಟ್‌ಪಾತ್ ತುಂಬ ಚಾಚಿಕೊಂಡ ಅಂಗಡಿಯನ್ನು ಹಿಂದೆ ಸರಿಸಬೇಕು. ಮುಂದಿನ ಸಲ ಅದೇ ಮನೆ, ಅದೇ ಅಂಗಡಿಯವರ ಹತ್ತಿರ ವೋಟು ಕೇಳಬೇಕು ಅಂದರೆ ಈ ಯಾವ ನೋಟಿಸಿಗೂ ಸಹಿ ಬೀಳುವುದಿಲ್ಲ. ಆರೋಗ್ಯಾಧಿಕಾರಿ, ನಗರ ಯೋಜನೆಯ ಅಧಿಕಾರಿ, ವಾಣಿವಿಲಾಸ ನೀರು ಸರಬರಾಜು ಕೇಂದ್ರದ ಇಂಜಿನಿಯರ್ ಇವರ ವಿಷಯವೂ ಅಷ್ಟೇ. ಕುಡಿಯುವ ನೀರಿಗೆ ಕ್ಲೋರಿನ್ ಎಷ್ಟು ಹಾಕಬೇಕು ಅಂತ ಬಹುಮತದಿಂದ ತೀರ್ಮಾನ ಮಾಡುವುದಕ್ಕಾಗುತ್ತದಾ?

ಆದರೆ ಊರಿನ ಎಲ್ಲ ಪ್ರಶ್ನೆಯೂ ಕ್ಲೋರಿನ್ ಥರದ್ದಲ್ಲ. ದೇವರಾಜ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. 2016ರಲ್ಲಿ ಅದರ ಒಂದು ಭಾಗ ಕುಸಿಯಿತು. ಉಳಿದ ಗೋಡೆ ಎಷ್ಟು ಗಟ್ಟಿ, ದುರಸ್ತಿಗೆ ಎಷ್ಟು ಖರ್ಚು, ಹೊಸದಾಗಿ ಕಟ್ಟಲು ಎಷ್ಟು ಅಂತ ಹೇಳುವುದು ಇಂಜಿನಿಯರ್ ಕೆಲಸ. ಆ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಬರಲಿಲ್ಲ, ಅದು ಬೇರೆ. ಆದರೆ ಹಳೆಯ ಮಾರುಕಟ್ಟೆ ಈ ಊರಿಗೆ ಬೇಕಾ, ಅದನ್ನು ಉಳಿಸಲು ನಾವು ಎಷ್ಟು ದುಡ್ಡು ಕೊಡಲು ತಯಾರು, ಅಲ್ಲಿ ಹೂವು, ವೀಳ್ಯದೆಲೆ, ಬಾಳೆಹಣ್ಣು ಮಾರುವವರು ಅಲ್ಲಿಯ ತನಕ ಎಲ್ಲಿಗೆ ಹೋಗಬೇಕು ಅನ್ನುವುದು ಯಾವ ಇಂಜಿನಿಯರಿಂಗ್ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನು ಹೇಳಬೇಕಾದವರು ಊರಿನವರು. ಅವರ ಪರವಾಗಿ ಹೇಳಬೇಕಾದವರು ಅವರೇ ಆರಿಸಿ ಕಳಿಸಿದವರು. ತಪ್ಪು ಹೇಳಿದರೆ ಮುಂದಿನ ಸಲ ಮನೆಗೆ ಕಳಿಸಲು ಬರುತ್ತದೆ. ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ಅಧಿಕಾರಿಯನ್ನು ನಾವು ಏನು ಕೇಳುವುದು?

ಆದ್ದರಿಂದ ನನ್ನ ಮಾತು ಇಷ್ಟು: ಕೆಲಸ ಮಾಡುವ ಅಧಿಕಾರಿ ನೇಮಕದಿಂದ ಬರಲಿ. ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು, ಮಾಡಿದ ಕೆಲಸದ ಲೆಕ್ಕ ಕೇಳುವವರು ಚುನಾವಣೆಯಿಂದಲೇ ಬರಬೇಕು. ಕಾನೂನಿನಲ್ಲಿ ಏರ್ಪಾಡು ಇರುವುದೂ ಹಾಗೆಯೇ. ತಿಂಗಳ ಸಾಮಾನ್ಯ ಸಭೆ ಇದೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸ್ಥಾಯಿ ಸಮಿತಿಗಳಿವೆ. ಆಯುಕ್ತರು ತಂದ ಬಜೆಟ್ಟು ಇವರ ಕಣ್ಣಿನಡಿ ಹಾದು ಹೋಗಬೇಕು.

ನಮ್ಮ ಕಷ್ಟ ಇರುವುದು ಇಲ್ಲಿಯೇ. ಮೈಸೂರಿನ 65 ವಾರ್ಡುಗಳಿಗೆ ಚುನಾವಣೆ ನಡೆದದ್ದು 2018ರ ಆಗಸ್ಟ್ 31ಕ್ಕೆ. ಮೊದಲ ಮೇಯರ್ ಆಯ್ಕೆಯಾದದ್ದು ನವೆಂಬರ್‌ನಲ್ಲಿ. ಐದು ವರ್ಷದ ಅವಧಿಯನ್ನು ಮೊದಲ ಸಭೆಯ ದಿನದಿಂದ ಎಣಿಸುತ್ತಾರೆ. ಹಾಗಾಗಿ 2023ರ ನವೆಂಬರ್‌ನಲ್ಲಿ ಕೌನ್ಸಿಲ್ ಮುಗಿಯಿತು. ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಆಗಲಿಲ್ಲ. ಸರ್ಕಾರ ಕೌನ್ಸಿಲ್ ಜಾಗದಲ್ಲಿ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿತು. 2024ರ ಇಡೀ ವರ್ಷ ಪಾಲಿಕೆ ಹೀಗೆಯೇ ನಡೆಯಿತು. ಒಬ್ಬ ಅಧಿಕಾರಿ ಬಜೆಟ್ ತಯಾರಿಸುವುದು, ಇನ್ನೊಬ್ಬ ಅಧಿಕಾರಿ ಒಪ್ಪಿಗೆ ಕೊಡುವುದು. ಇಬ್ಬರೂ ಒಳ್ಳೆಯವರೇ ಇರಬಹುದು. ಇಬ್ಬರಿಗೂ ಆದೇಶ ಬರುವುದು ಬೆಂಗಳೂರಿನಿಂದ. ನಿಮ್ಮ ಬೀದಿಯ ಮ್ಯಾನ್‌ಹೋಲ್ ವಿಷಯ ಅವರ ಎದುರು ಎತ್ತಬೇಕಾದ ಕುರ್ಚಿ ಖಾಲಿ.

ವಾರ್ಡು ವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ತಯಾರಿಲ್ಲ ಅನ್ನುವ ನೆಪಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ತಳ್ಳಿಹಾಕಿದೆ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣ ಅದು. ಅವಧಿ ಮುಗಿಯುವುದು ಯಾವತ್ತು ಅಂತ ಮೊದಲೇ ಗೊತ್ತಿರುತ್ತದೆ, ತಯಾರಿಯೂ ಮೊದಲೇ ಆಗಬೇಕು ಅನ್ನುವುದು ಆ ತೀರ್ಪಿನ ಸಾರ.

ಮೇಡಂ, ನಿಮ್ಮ ದೂರಿನ ಇನ್ನೊಂದು ಭಾಗ ವರ್ಗಾವಣೆ. ಅದಕ್ಕೂ ಮದ್ದು ಚುನಾವಣೆಯಲ್ಲ. ಆಯುಕ್ತರಿಗೆ ಕನಿಷ್ಠ ಎರಡು ವರ್ಷದ ಭದ್ರತೆ ಇರಬೇಕು. ಅದಕ್ಕೆ ಮೊದಲು ತೆಗೆಯುವುದಾದರೆ ಸರ್ಕಾರ ಕಾರಣ ಬರೆದು ಕೌನ್ಸಿಲ್ ಮುಂದೆ ಇಡಬೇಕು. ಊರಿನ ಒಳಚರಂಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲಿಕ್ಕೇ ಒಂದು ಮಳೆಗಾಲ ಬೇಕು.

ಪ್ರಶ್ನೆ: ಆಯುಕ್ತರು, ಪೌರಾಯುಕ್ತರು ಹೋಗಲಿ ಬಿಡಿ. ಮೇಯರ್ ಅಥವಾ ನಗರಸಭೆ ಅಧ್ಯಕ್ಷರನ್ನಾದರೂ ಜನರೇ ನೇರವಾಗಿ ಆರಿಸಬಹುದಲ್ಲ ಸಾರ್? ನಮ್ಮ ಮಂಡ್ಯದಲ್ಲಿ ಅಧ್ಯಕ್ಷರ ಆಯ್ಕೆ ಬಂತು ಅಂದರೆ ಸದಸ್ಯರನ್ನು ರೆಸಾರ್ಟಿಗೆ ಕರ್ಕೊಂಡು ಹೋದರು ಅನ್ನುವ ಮಾತೇ ಕೇಳಿಬರುತ್ತದೆ.
— ಅಂಗಡಿ ಮಾಲೀಕರು, ಮಂಡ್ಯ

ಉತ್ತರ: ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಪ್ರಶ್ನೆ. ಉತ್ತರ ಪ್ರದೇಶ, ಮಧ್ಯಪ್ರದೇಶ, ಉತ್ತರಾಖಂಡ, ಹರಿಯಾಣದಂಥ ರಾಜ್ಯಗಳಲ್ಲಿ ಮೇಯರ್‌ಗೆ ಜನರೇ ವೋಟು ಹಾಕುತ್ತಾರೆ. ಬಿಹಾರ 2022ರಲ್ಲಿ ಆ ದಾರಿ ಹಿಡಿಯಿತು. ತಮಿಳುನಾಡು ಒಮ್ಮೆ ಹೀಗೆ, ಒಮ್ಮೆ ಹಾಗೆ ಮಾಡಿ ಈಗ ಸದಸ್ಯರೇ ಆರಿಸುವ ಪದ್ಧತಿಯಲ್ಲಿದೆ.

ಶಿಮ್ಲಾದ ಅನುಭವ ತಿಳಿದುಕೊಳ್ಳಬೇಕಾದದ್ದು. 2012ರಲ್ಲಿ ಅಲ್ಲಿ ಮೇಯರ್, ಉಪಮೇಯರ್ ಇಬ್ಬರನ್ನೂ ಜನ ನೇರವಾಗಿ ಆರಿಸಿದರು. ಗೆದ್ದವರು ಸಿಪಿಎಂನವರು. ಆದರೆ 25 ವಾರ್ಡುಗಳಲ್ಲಿ ಆ ಪಕ್ಷಕ್ಕೆ ಬಂದದ್ದು ಬರೀ 3. ಮೇಯರ್ ಒಂದು ಕಡೆ, ಸಭೆಯ ಬಹುಮತ ಇನ್ನೊಂದು ಕಡೆ. ಮುಂದಿನ ಚುನಾವಣೆ ಹೊತ್ತಿಗೆ ಸರ್ಕಾರ ನೇರ ಆಯ್ಕೆಯನ್ನೇ ಕೈಬಿಟ್ಟಿತು. ನಮ್ಮಲ್ಲೂ ಹೀಗೆ ಆಗುವ ಸಾಧ್ಯತೆ ಜಾಸ್ತಿ. 2018ರಲ್ಲಿ ಮೈಸೂರಿನಲ್ಲಿ ಬಿಜೆಪಿಗೆ 22, ಕಾಂಗ್ರೆಸ್ಸಿಗೆ 19, ಜೆಡಿಎಸ್‌ಗೆ 18 ಸ್ಥಾನ ಬಂತು. ಯಾರಿಗೂ ಬಹುಮತ ಇಲ್ಲ. ನೇರವಾಗಿ ಗೆದ್ದ ಮೇಯರ್ ಯಾವ ಪಕ್ಷದವರೇ ಆಗಿದ್ದರೂ ಒಂದು ಬಜೆಟ್ ಪಾಸು ಮಾಡಿಸಲು ಹೆಣಗಾಡಬೇಕಿತ್ತು.

ಆದರೆ ಈಗಿನ ಪದ್ಧತಿಯನ್ನು ಹೀಗೇ ಬಿಡಿ ಅಂತಲೂ ನಾನು ಹೇಳಲಾರೆ. ಮೈಸೂರಿನಲ್ಲಿ ಮೇಯರ್ ಅವಧಿ ಒಂದೇ ವರ್ಷ. ಆ ಐದು ವರ್ಷದಲ್ಲಿ ಮೂರೂ ಪಕ್ಷದವರು ಮೇಯರ್ ಆದರು. ಗೌನು ಹಾಕಿಕೊಂಡು ಒಂದು ದಸರಾ ನೋಡುವಷ್ಟರಲ್ಲಿ ಅಧಿಕಾರ ಮುಗಿಯುತ್ತದೆ. ನುರಿತ ಆಯುಕ್ತರ ಎದುರು ಅಂಥ ಮೇಯರ್ ಏನು ಪ್ರಶ್ನೆ ಕೇಳಿಯಾರು? ಸ್ಥಾಯಿ ಸಮಿತಿಗೂ ಒಂದೇ ವರ್ಷ. ಮಂಡ್ಯದಂಥ ನಗರಸಭೆಯಲ್ಲಿ ಅಧ್ಯಕ್ಷರಿಗೆ 30 ತಿಂಗಳಿದೆ, ಅಷ್ಟು ವಾಸಿ. ಆದರೆ ನಿಮ್ಮಲ್ಲಿ 2018ರ ಆಗಸ್ಟ್‌ನಲ್ಲಿ ಗೆದ್ದ ಸದಸ್ಯರು ಅಧ್ಯಕ್ಷರ ಮೀಸಲಾತಿ ವ್ಯಾಜ್ಯದಿಂದಾಗಿ 2020ರ ಕೊನೆಯ ತನಕ ಅಧ್ಯಕ್ಷರಿಲ್ಲದೆ ಕಾದರು. ನಿಮಗೆ ಅದು ಚೆನ್ನಾಗಿ ನೆನಪಿರಬೇಕು.

ಮೊದಲು ಮೇಯರ್‌ಗೂ ಅಧ್ಯಕ್ಷರಿಗೂ ಐದು ವರ್ಷ ಕೊಡಲಿ. ಸದಸ್ಯರೇ ಆರಿಸಲಿ, ಈಗಿನ ಹಾಗೆಯೇ ಕೈ ಎತ್ತಿ, ಎಲ್ಲರಿಗೂ ಕಾಣುವಂತೆ. ಶಾಸಕರು, ಸಂಸದರು ಸಹ ಈ ಆಯ್ಕೆಯಲ್ಲಿ ಮತ ಹಾಕುತ್ತಾರೆ. ಅದು ನಿಲ್ಲಬೇಕು. ವಾರ್ಡಿನಿಂದ ಗೆದ್ದವರ ತೀರ್ಮಾನವನ್ನು ಬೇರೆ ಚುನಾವಣೆಯಲ್ಲಿ ಗೆದ್ದವರು ಬದಲಿಸುವುದು ಸರಿಯಲ್ಲ. ಅವಧಿ ಉದ್ದವಾದರೆ ಮೀಸಲಾತಿಯ ಸರದಿ ನಿಧಾನವಾಗುತ್ತದೆ ಅನ್ನುವ ಆತಂಕ ನಿಜವಾದದ್ದು. ಮಹಿಳೆಯರು, ದಲಿತರು, ಹಿಂದುಳಿದವರು ಆ ಕುರ್ಚಿಗೆ ಬಂದದ್ದೇ ಈ ಸರದಿಯಿಂದ. ಅದಕ್ಕೆ ಒಂದೇ ಊರಿನಲ್ಲಿ ವರ್ಷ ವರ್ಷ ತಿರುಗಿಸುವ ಬದಲು, ರಾಜ್ಯದ ಎಲ್ಲ ಪಾಲಿಕೆಗಳನ್ನು ಒಟ್ಟಿಗೆ ಇಟ್ಟು ಯಾವ ಊರಿಗೆ ಯಾವ ವರ್ಗ ಅಂತ ಐದು ವರ್ಷಕ್ಕೊಮ್ಮೆ ನಿಗದಿ ಮಾಡಬಹುದು. ಯಾರ ಪಾಲೂ ಕಡಿಮೆಯಾಗುವುದಿಲ್ಲ. ಸಿಕ್ಕವರಿಗೆ ಕೆಲಸ ಮಾಡುವಷ್ಟು ಕಾಲವೂ ಸಿಗುತ್ತದೆ.

ಇದೆಲ್ಲ ಆದ ಮೇಲೆ ನೇರ ಚುನಾವಣೆ ಬೇಕಾ ಅಂತ ಕೇಳಿದರೆ ನಾನು ಬೇಡ ಅನ್ನಲಾರೆ. ಅಧಿಕಾರವೇ ಇಲ್ಲದ ಹುದ್ದೆಗೆ ಊರೆಲ್ಲ ವೋಟು ಹಾಕಿಸಿದರೆ ಜನರಿಗೆ ನಿರಾಸೆಯೇ ಗತಿ.

ಪ್ರಶ್ನೆ: ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಅಧ್ಯಕ್ಷರು ಯಾವಾಗಲೂ ಸರ್ಕಾರ ನೇಮಿಸಿದವರೇ ಯಾಕೆ? ಸೈಟು ಹಂಚುವವರಿಗೆ ಚುನಾವಣೆ ಬೇಡವೇ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಇದರ ಬೇರು 1903ರಲ್ಲಿದೆ. ಆಗ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಪ್ಲೇಗಿನ ಕಾಲ. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ ಮಾಡುವ ಆತುರ ಇತ್ತು. ನೇಮಕದ ಮಂಡಳಿಗೆ ಆಗ ಅರ್ಥವಿತ್ತು. 1987ರ ಕಾಯ್ದೆಯಿಂದ ಮುಡಾ ಬಂದಾಗಲೂ ಅದೇ ಅಚ್ಚು ಉಳಿಯಿತು. ಈಗ ಹೆಸರು ಮೈಸೂರು ಅಭಿವೃದ್ಧಿ ಪ್ರಾಧಿಕಾರ ಅಂತಾಗಿದೆ.

ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಊರಿನ ಆಡಳಿತಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಮಾಡಿದೆ. ಅದರಲ್ಲಿ ಮೊದಲನೆಯದೇ ನಗರ ಯೋಜನೆ. ಮೂವತ್ತು ವರ್ಷ ದಾಟಿದರೂ ಆ ಕೆಲಸ ನಮ್ಮ ಪಾಲಿಕೆಯ ಕೈಗೆ ಬಂದಿಲ್ಲ. ಜಮೀನು ಕಳೆದುಕೊಂಡವರಿಗೆ ಅಭಿವೃದ್ಧಿ ಮಾಡಿದ ಜಾಗದಲ್ಲಿ ಅರ್ಧ ಕೊಡುವ, ಮುಡಾದ 50:50 ಅನುಪಾತದ ನಿವೇಶನ ಹಂಚಿಕೆ 2024ರಲ್ಲಿ ದೇಶವೆಲ್ಲ ಮಾತಾಡುವ ವಿವಾದವಾಯಿತು. ಆ ಪ್ರಕರಣದ ಸರಿತಪ್ಪು ಕೋರ್ಟಿಗೆ ಬಿಟ್ಟದ್ದು. ಆದರೆ ಇಂಥ ತೀರ್ಮಾನಗಳು ಊರಿನ ಕೌನ್ಸಿಲ್ ಮುಂದೆ ಬರಬೇಕಾದ ಕಟ್ಟುಪಾಡು ಇದ್ದಿದ್ದರೆ ಪ್ರಶ್ನೆಗಳು ಎಷ್ಟೋ ಮೊದಲೇ ಏಳುತ್ತಿದ್ದವು.

ಪ್ರಾಧಿಕಾರದ ಅಧ್ಯಕ್ಷರಿಗೆ ಬೇರೆ ಚುನಾವಣೆ ಬೇಡ. ಪ್ರಾಧಿಕಾರವನ್ನೇ ಪಾಲಿಕೆಗೆ ಉತ್ತರ ಹೇಳುವ ಹಾಗೆ ಮಾಡಬೇಕು. ಮೇಯರ್ ಅದರ ಅಧ್ಯಕ್ಷರಾಗಲಿ, ನಗರ ಯೋಜಕರು ನೇಮಕದಿಂದ ಬರಲಿ. ಬಡಾವಣೆ ಒಪ್ಪಿಗೆ, ಬದಲಿ ನಿವೇಶನದ ಪಟ್ಟಿ ತಿಂಗಳ ಸಭೆಯಲ್ಲಿ ಮಂಡನೆಯಾಗಲಿ. ಅಲ್ಲಿಯ ತನಕ ನಿಮ್ಮ ಬಡಾವಣೆ ಸಂಘದಿಂದ ಮಾಹಿತಿ ಹಕ್ಕಿನಡಿ ಪ್ರಾಧಿಕಾರದ ಸಭಾ ನಡಾವಳಿಯ ಪ್ರತಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಯಾವ ಸಭೆ, ಯಾವ ತಾರೀಖು, ಯಾವ ವಿಷಯ ಅಂತ ಸ್ಪಷ್ಟವಾಗಿ ಬರೆಯಿರಿ. ಸುಮ್ನೆ 'ಎಲ್ಲ ದಾಖಲೆ ಕೊಡಿ' ಅಂದರೆ ಅರ್ಜಿ ವಾಪಸ್ ಬರುವುದೇ ಹೆಚ್ಚು.